ಕಾರಿನೊಳಗಿನ ಮೊಟ್ಟೆಯ ವಾಸನೆ

ಆ ದಿನ ನಾನು ಹೇಳಿದ ‘ಹೂಂ’ ಸುಳ್ಳು. ನೀವಿದ್ದಾಗ ಇದನ್ನು ಹೇಳಲು ಬಾಯಿ ಬರಲಿಲ್ಲ — ಈಗ ನೀವಿಲ್ಲ.

ಕೆ.ಆರ್. ಪುರದ ಮನೆಗೆ ನೀವು ಆ ಹಳೆಯ ಕಾರು ತಂದ ಮೇಲೆ ಅದರೊಳಗೆ ಒಂದು ವಾಸನೆ ಶುರುವಾಯಿತು. ಕೊಳೆತ ಮೊಟ್ಟೆಯದು ಎಂದು ಪಕ್ಕದ ಮನೆಯಾಕೆ ಹೆಸರಿಟ್ಟರು. ಮೊಟ್ಟೆ ಹೊಸಿಲು ದಾಟದ ಮನೆ ನಮ್ಮದು. ನಿಮ್ಮ ಸೀಟಿನ ಕೆಳಗೆ ಕಾಕ್ಸ್ ಟೌನಿನ ಬೇಕರಿಯೊಂದರ ಪೊಟ್ಟಣ, ಪಫ್ಸಿನ ಪುಡಿ ಕಂಡೆ. ಫ್ಯಾಕ್ಟರಿಯಿಂದ ಬರುವವರು ಅಲ್ಲಿಗೆ ಯಾಕೆ ಸುತ್ತಬೇಕು, ಮೊಟ್ಟೆ ಪಫ್ಸಿಗಲ್ಲದೆ — ನಿಮ್ಮ ಅಂಗಿ ಮೂಸಿದೆ, ಕರವಸ್ತ್ರವನ್ನೂ ಮೂಸಿದೆ.

“ಆಲೂಗಡ್ಡೆ ಪಫ್ಸ್ ಕಣೇ,” ಅಂದಿರಿ.

ನಂಬಲಿಲ್ಲ. ನೀವು ಹೊರಗೆ ಮೊಟ್ಟೆ ತಿನ್ನುತ್ತೀರಿ ಎಂದು ಅತ್ತೆಗೆ ಹೇಳಿಬಿಟ್ಟೆ. ಅಂದಿನಿಂದ ಅವರು ಮಗನ ಕೈಯ ನೀರು ಮುಟ್ಟಲಿಲ್ಲ.

ಆಮೇಲೆ ಕಾರು ನಮ್ಮ ಕೆ.ಆರ್. ಪುರದ ತೂಗುಸೇತುವೆಯ ಏರು ಹತ್ತಲಾರದೆ ತಿಣುಕತೊಡಗಿತು. ಇಬ್ಬರೂ ಶಿವಾಜಿನಗರದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಅಡಿಯಲ್ಲಿ ಮಲಗಿ, ಹೊಗೆಯನ್ನು ಶುದ್ಧ ಮಾಡುವ ಡಬ್ಬಿಯನ್ನು — ಕ್ಯಾಟಲಿಟಿಕ್ ಕನ್ವರ್ಟರ್ ಅನ್ನುತ್ತಾರಂತೆ — ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಒಳಗೆ ಗಲಗಲ ಎಂದಿತು.

“ಒಳಗೆಲ್ಲಾ ಪುಡಿಯಾಗೈತೆ ಸಾರ್. ಹೊಗೆ ಹೋಗೋಕೆ ದಾರಿ ಇಲ್ಲ, ಗಾಡಿ ಹೆಂಗೆ ಎಳೀತದೆ? ವಾಸನೆನೂ ಇದರದ್ದೇ.” ನನ್ನತ್ತ ತಿರುಗಿ ನಕ್ಕ. “ಗಾಡೀನೇ ಮೊಟ್ಟೆ ಇಡ್ತೈತೆ ಮೇಡಂ.”

ನೀವು ನಗಲಿಲ್ಲ. ದಾರಿಯಲ್ಲಿ ಮೆಲ್ಲಗೆ ಅಂದಿರಿ: “ನಾನು ಹೇಳಿದ್ರೆ ಅಮ್ಮ ನಂಬಲ್ಲ. ನೀನೇ ಹೇಳ್ಬಿಡು.”

ಹೇಳಲಿಲ್ಲ. ಅತ್ತೆ ಆಗಷ್ಟೇ ಅಡುಗೆಮನೆಯನ್ನು ನನಗೆ ಬಿಟ್ಟಿದ್ದರು. ‘ನನ್ನ ಸೊಸೆ ಮೂಗು ಸುಳ್ಳು ಹೇಳಲ್ಲ’ ಎಂದು ನೆಂಟರೆದುರು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಾಗಿತ್ತು — ಅಷ್ಟೇ.

“ಅಮ್ಮಂಗೆ ಹೇಳಿದ್ಯಾ?”

“ಹೂಂ.”

“ಏನಂದ್ರು?”

“ಏನೂ ಅನ್ಲಿಲ್ಲ.”

ನೀವು ಮತ್ತೆ ಕೇಳಲಿಲ್ಲ. ಅತ್ತೆಯ ಕೊನೆಯ ದಿನ ನೀವು ಉದ್ಧರಣೆಯಲ್ಲಿ ಗಂಗಾಜಲ ಹಿಡಿದಾಗ ಅವರು ತುಟಿ ಬಿಗಿದರು. “ಅವಳ ಕೈಲಿ ಕೊಡ್ಸು.” ನೀವು ಅದನ್ನು ನನ್ನ ಕೈಗಿಟ್ಟು ಹಿಂದೆ ಸರಿದಿರಿ. ಆಗಲಾದರೂ — ಇಲ್ಲ, ನಾನು ನೀರು ಬಿಟ್ಟೆ. ಅವರು ಕುಡಿದರು.

ಎಲ್ಲ ಗೊತ್ತಿದ್ದೂ ಅಮ್ಮ ನಿಮ್ಮನ್ನು ದೂರವಿಟ್ಟಳು ಎಂದೇ ನೀವು ಕೊನೆಯವರೆಗೂ ತಿಳಿದಿರಿ. ಅವರಿಗೆ ಏನೂ ಗೊತ್ತಿರಲಿಲ್ಲ.

ನಾಡಿದ್ದು ನಿಮ್ಮ ತಿಥಿ. ನೆಂಟರು ಇವತ್ತಿಗೂ ಆ ಮೊಟ್ಟೆಯ ಮಾತೆತ್ತಿ ನಗುತ್ತಾರೆ. ಈ ಸಲ ಎಲೆ ಹಾಕುವ ಮೊದಲು, ಎಲ್ಲರೆದುರು, ಈ ಕಾಗದವನ್ನು ಓದುತ್ತೇನೆ.