ತಿರುಗಿಸಿ ನೋಡಿದ ಮುಖ

ನಮ್ಮ ಗುಂಪಿನಲ್ಲಿ 'ಸೂಪರ್' ಅನ್ನುವಂತಿರಲಿಲ್ಲ. ಹೆಬ್ಬೆರಳಿನ ಚಿಹ್ನೆಯನ್ನೂ ಹಾಕುವಂತಿರಲಿಲ್ಲ. ಫೋನಿನಲ್ಲೋ ಟ್ಯಾಬಿನಲ್ಲೋ ಬಿಡಿಸಿದ ಚಿತ್ರವನ್ನು ಯಾರಾದರೂ ಹಾಕಿದರೆ ಉಳಿದವರು ಒಂದು ತಪ್ಪನ್ನಾದರೂ ಹೇಳಬೇಕು. ಮಾತಿನಲ್ಲಿ ಹೇಳಲು ಬಾರದಿದ್ದರೆ ಆ ಚಿತ್ರದ ಮೇಲೆಯೇ ಗೆರೆ ಎಳೆದು ತಿದ್ದಿ ತೋರಿಸಬೇಕು. ಊಟಿಯಿಂದ ನಾನು, ಗೂಡಲೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನೊಬ್ಬ, ಕೂನೂರಿನ ಹತ್ತಿರದ ಹುಬ್ಬತಲೈ ಎಂಬ ಹಳ್ಳಿಯಿಂದ ಒಬ್ಬಳು, ಇನ್ನು ನಾಲ್ಕೈದು ಜನ. ಯಾರ ಹೊಟ್ಟೆಪಾಡೂ ಚಿತ್ರವಲ್ಲ. ಅದಕ್ಕೇ ಇರಬೇಕು ಅಷ್ಟು ನಿಷ್ಠುರ.

ತಿದ್ದುವುದರಲ್ಲಿ ನಾನೇ ಮುಂದು. ನನ್ನ ಉಪಾಯ ಸರಳ: ಚಿತ್ರವನ್ನು ಎಡಬಲ ತಿರುಗಿಸಿ ನೋಡುವುದು. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಕೂಡಲೇ, ಬಿಡಿಸಿದವರ ಕಣ್ಣಿಗೆ ಒಗ್ಗಿಹೋದ ಓರೆಗಳೆಲ್ಲ ಎದ್ದು ಕಾಣುತ್ತವೆ. ಒಂದು ಕಣ್ಣು ಕೆಳಗೆ, ಒಂದು ಕಿವಿ ಹಿಂದೆ. ಇದರಿಂದ ತಪ್ಪಿಸಿಕೊಂಡ ಮುಖವನ್ನು ನಾನು ನೋಡಿರಲಿಲ್ಲ.

ಹುಬ್ಬತಲೈಯವಳು ಬೆಳಗ್ಗೆ ತಮ್ಮ ತೋಟದ ಟೀ ಎಲೆ ಕೊಯ್ದು ತೂಕಕ್ಕೆ ಹಾಕಿ ಬಂದು, ಮಧ್ಯಾಹ್ನ ಫೋನಿನ ಮೇಲೆ ಬೆರಳಲ್ಲೇ ಬಿಡಿಸುವವಳು. ಗಿಡ, ಬೇಲಿ, ಕೋಳಿ ಹಾಕುತ್ತಿದ್ದಳು. ಒಂದು ದಿನ ಮುಖ ಹಾಕಿದಳು. ತಲೆಗೆ ಬಿಳಿ ವಸ್ತ್ರ ಕಟ್ಟಿದ ಹೆಂಗಸು, ಬಾಗಿಲ ಬಳಿ, ಅರ್ಧ ಬಿಸಿಲಿನಲ್ಲಿ. ತಿರುಗಿಸಿದೆ. ಒಂದು ಹುಬ್ಬು ಜಾರಿತ್ತು, ಅದೇ ಬದಿಯ ತುಟಿಯ ತುದಿ ಕೆಳಗೆ ಎಳೆದಂತಿತ್ತು. ಹತ್ತೇ ನಿಮಿಷದಲ್ಲಿ ಹುಬ್ಬು ಎತ್ತಿದೆ, ತುಟಿ ಎತ್ತಿದೆ, ಕೆನ್ನೆ ತುಂಬಿಸಿದೆ. ಗುಂಪಿಗೆ ಹಾಕಿದೆ.

ಜೊತೆಗೆ ಏನು ಬರೆದೆ ಅನ್ನುವುದು ಈಗ ಸಿಗುವುದಿಲ್ಲ. ಆಮೇಲೆ ನಾನೇ ಅಳಿಸಿದೆ. 'ಮೊದಲು ತಲೆಬುರುಡೆ ಬಿಡಿಸಲು ಕಲಿ' ಅಂದಿದ್ದೆ ಎಂದು ಒಮ್ಮೆ ಅನಿಸುತ್ತದೆ. 'ಕಣ್ಣೆರಡೂ ಒಂದೇ ಗೆರೆಯಲ್ಲಿರಲಿ' ಅಂದಿದ್ದೆನಷ್ಟೇ ಎಂದು ಇನ್ನೊಮ್ಮೆ. ಎರಡನೆಯದು ನನಗೆ ಅನುಕೂಲ, ಅದಕ್ಕೇ ಅದನ್ನು ನಂಬುವುದಿಲ್ಲ. ಉಳಿದಿರುವುದು ಗೂಡಲೂರಿನವನ ಉತ್ತರ ಮಾತ್ರ: 'ಸ್ವಲ್ಪ ಮೆತ್ತಗೆ ಅಣ್ಣಾ.' ಅದರ ಕೆಳಗೆ ತಮಿಳಿನಲ್ಲಿ ಅವಳ ಥ್ಯಾಂಕ್ಸು: 'ನನ್ರಿ ಅಣ್ಣಾ.' ಆಮೇಲೆ ಅವಳಿಂದ ಕೋಳಿಯೂ ಇಲ್ಲ, ಬೇಲಿಯೂ ಇಲ್ಲ.

ಮೂರು ವಾರ ಕಳೆದ ಮೇಲೆ ಗೂಡಲೂರಿನವನಿಗೆ ಫೋನ್ ಮಾಡಿದೆ.

"ಅದು ಅವಳ ಅಮ್ಮ ಅಲ್ಲವಾ ಅಣ್ಣಾ," ಅಂದ. "ಮಳೆಗಾಲದಲ್ಲಿ ಮುಖ ಒಂದು ಸೈಡು ಸೊಟ್ಟಗಾಗಿಹೋಯ್ತು. ಕಣ್ಣು ಮುಚ್ಚಲ್ಲ, ಬಾಯಿ ಕೆಳಗೆ. ಅವಳು ಇದ್ದಂಗೇ ಬಿಡಿಸಿದ್ಲು. ನೀವು ಫ್ರೀಯಾಗಿ ಸರ್ಜರಿ ಮಾಡಿಬಿಟ್ರಿ."

ಬರುತ್ತೇನೆ ಎಂದು ಅವಳಿಗೆ ತಿಳಿಸಿ, ಮುಂದಿನ ಭಾನುವಾರ ಕೂನೂರಿಗೆ ಬಸ್ಸು ಹತ್ತಿ, ಅಲ್ಲಿಂದ ಹುಬ್ಬತಲೈಗೆ ಹೋದೆ. ಆ ದಿನ ಮಂಜಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಚಿತ್ರದಲ್ಲೂ ಹಿನ್ನೆಲೆ ಬಾರದ ಕಡೆಯೆಲ್ಲ ನಾನು ಮಂಜು ಹಾಕುವವನು. ಬಿಸಿಲೇ ಇದ್ದಿರಬೇಕು, ಟ್ಯಾಬಿನ ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಿಸಿಕೊಂಡು ಬೆವರಿದ್ದು ನೆನಪಿದೆ.

ಬಾಗಿಲು ತೆರೆದದ್ದು ಆ ಮುಖವೇ. ತಲೆವಸ್ತ್ರದ ಅಂಚನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

"ನೀನಾ ತಮ್ಮ ಎನ್ನ ಮುಖ ನೇರ ಮಾಡಿದವ? ಬಾ ಒಳಗ. ಆಸ್ಪತ್ರೆಗೆ ನಡೆದು ನಡೆದು ಕಾಲು ಸವೆದುಹೋಯ್ತು, ನೀ ಕೂತ ಕಡೆ ಸರಿ ಮಾಡಿದೆ." 'ಪ' 'ಬ' ಬಂದಾಗ ಒಂದು ಬದಿಯಿಂದ ಗಾಳಿ ಸೋರುತ್ತಿತ್ತು. ತಮ್ಮ ಫೋನ್ ತಂದು ತೋರಿಸಿದರು. ಅವರ ನಂಬರಿಗೆ ಹಾಕುವ ಫೋಟೋದ ಜಾಗದಲ್ಲಿ ನಾನು ತಿದ್ದಿದ ಚಿತ್ರವಿತ್ತು. "ಮಗಳ ಫೋನಲ್ಲಿ ಕಂಡು ಇಸಕೊಂಡೆ. ಎಲ್ಲಾರಿಗೂ ಹೋಗಿದೆ. ತಂಗಿ ಫೋನ್ ಮಾಡಿ, ಗುಣ ಆಯ್ತಾ ಅಕ್ಕಾ ಅಂದಳು. ಆಯ್ತು ಅಂದೆ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿತ್ತಿಲಿಗೆ ಬರುವಂತೆ ತಲೆಯಾಡಿಸಿದಳು. ಕ್ಷಮೆ ಕೇಳಲು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯವನ್ನು ಅವಳು ಮುಗಿಸಲು ಬಿಡಲಿಲ್ಲ.

"ತಪ್ಪು ಹೇಳಿದ್ದಕ್ಕೆ ಬೇಜಾರಿಲ್ಲೆ ಅಣ್ಣಾ. ಅದ ಕೇಳಕ್ಕೆ ತಾನೆ ಗ್ರೂಪಿಗೆ ಬಂದದ್ದು. ಮುಖ ಹಿಂಗಾದ ಮೇಲೆ ಅವ್ವೆ ಕನ್ನಡಿ ನೋಡಲಿಲ್ಲೆ. ಮದುವೆಗೂ ಹೋಗಲಿಲ್ಲೆ, ಸಾವಿಗೂ ಹೋಗಲಿಲ್ಲೆ. ಎನ್ನ ಮುಂದ ಮಾತ್ರ ವಸ್ತ್ರ ತೆಗೆದು ಕೂರುವಳು. ಭಾನುವಾರಕ್ಕೊಂದು ಚಿತ್ರ. ಈಗ ಕೂರು ಅಂದರೆ, ಆ ತಮ್ಮನ ಕೈ ನೇರ, ನಿನ್ನ ಕೈ ಕೊಂಕು ಅಂತಾಳೆ."

ಫೋನ್ ತೆರೆದಳು. ಒಂದೇ ಮುಖ, ಒಂಬತ್ತು ಸಲ. ಮೊದಲನೆಯದರಲ್ಲಿ ತುಟಿಯ ತುದಿ ಗಲ್ಲದತ್ತ ಜಾರಿತ್ತು. ಒಂಬತ್ತನೆಯದು, ಗುಂಪಿಗೆ ಬಂದದ್ದು, ಅಷ್ಟಿರಲಿಲ್ಲ. ನಡುವಿನ ಏಳರಲ್ಲಿ ಅದು ಕೂದಲೆಳೆಯಷ್ಟು ಮೇಲೇರುತ್ತ ಬಂದಿತ್ತು. ನಾನು ಆ ಕೂದಲೆಳೆಗಳನ್ನೆಲ್ಲ ಹತ್ತು ನಿಮಿಷದಲ್ಲಿ ದಾಟಿಬಿಟ್ಟಿದ್ದೆ.

ಒಳಗೆ ಬಂದು ಅವರಿಗೆ ಹೇಳಿದೆ, "ಅಮ್ಮಾ, ನಾನು ಸರಿ ಮಾಡಿದ್ದಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪು."

"ತಪ್ಪಾ? ಹಂಗಾದರ ಇನ್ನೊಂದೆರಡು ತಪ್ಪು ಮಾಡಿ ಕೊಡು."

ನನ್ನ ಮುಂದಿನ ಕೆಲಸ ಯೋಚಿಸಿ ಮಾಡಿದ್ದಲ್ಲ. ಕೈಗೆ ಏನಾದರೂ ಬೇಕಿತ್ತು. ಮಗಳಿಂದ ಒಂಬತ್ತನ್ನೂ ಟ್ಯಾಬಿಗೆ ತರಿಸಿಕೊಂಡು ಒಂದರ ಮೇಲೊಂದು ಪೇರಿಸಿ, ಸರಸರನೆ ಬದಲಿಸಿ ತೋರಿಸಿದೆ. ತುಟಿ ಮೇಲೇರುವುದು ಕಾಣುತ್ತದೆ ಅಂದುಕೊಂಡಿದ್ದೆ. ಚಿತ್ರಗಳ ಅಳತೆ ಒಂದೇ ಇರಲಿಲ್ಲ, ತಲೆ ಅತ್ತಿತ್ತ ಹಾರಿತು.

"ಇದೇನು, ಎನಗ ದೆವ್ವ ಬಂದಂಗಿದೆ," ಎಂದು ನಕ್ಕರು. ನಗುವಾಗ ವಸ್ತ್ರ ಜಾರಿತು. ಮಗಳು ನಗಲಿಲ್ಲ.

ಆಮೇಲೆ ಟ್ಯಾಬನ್ನು ಕಿತ್ತುಕೊಂಡು ತಾವೇ ಒಂದೊಂದಾಗಿ, ನಿಧಾನಕ್ಕೆ ಬದಲಿಸಿದರು. ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಹಿಂದೆ ಮುಂದೆ ಹೋದರು. ಬೆರಳನ್ನು ತಮ್ಮ ತುಟಿಯ ತುದಿಗೆ ಇಟ್ಟು ನೋಡಿಕೊಂಡರು. ಈಚೆಗೆ ಮಗಳನ್ನು ಕೇಳಿದರೆ, ಬೆರಳು ಇಟ್ಟದ್ದೇ ಇಲ್ಲ ಅಂದಳು. ಹಾಗಾದರೆ ಅದು ನಾನು ಸೇರಿಸಿದ ಗೆರೆ ಇರಬೇಕು. ಅಳಿಸಲು ನೋಡಿದೆ, ಹೋಗುತ್ತಿಲ್ಲ.

"ಒಂಬತ್ತಾದ ಮೇಲಿಂದು ಎಲ್ಲಿ?" ಅಂದರು. ಇದನ್ನು ಇಬ್ಬರೂ ಕೇಳಿಸಿಕೊಂಡಿದ್ದೇವೆ.

"ನೀ ಕೂರಲಿಲ್ಲೆಯಲ್ಲ."

ಟ್ಯಾಬಿನ ಬೆಳಕು ಆರುವವರೆಗೂ ತಾಯಿ ಅದನ್ನೇ ನೋಡಿದರು. ಎದ್ದು ಸ್ಟೂಲನ್ನು ಬಾಗಿಲ ಬಳಿಗೆ ಎಳೆದುಕೊಂಡರು. ಮಗಳು ಫೋನನ್ನು ಲಂಗಕ್ಕೆ ಒರೆಸಿದಳು. ನಾನೂ ಪಕ್ಕದಲ್ಲಿ ಜಾಗ ಮಾಡಿಕೊಂಡು, ಪೆನ್ನು ಹೊರತೆಗೆದೆ.

"ನೀ ಹೊರಗ ಇರು ತಮ್ಮ," ಅಂದರು. "ಕಾಪಿ ಆಮೇಲೆ."

ಹೊರಗೆ ನಿಂತೆ. ಟೀ ಗಿಡಗಳ ನಡುವೆ ಒಂದಷ್ಟು ದೂರ ಹೋದೆ, ಬಂದೆ, ಮತ್ತೆ ಹೋದೆ. ಒಳಗೆ ಅವರು ಮಾತಾಡುವುದು ಕೇಳುತ್ತಿತ್ತು, ಏನು ಅನ್ನುವುದು ಕೇಳುತ್ತಿರಲಿಲ್ಲ. ಕಾಫಿ ಕೊಡಲು ಬಂದಾಗ ಅವರ ಬಾಯಿಗೆ ಮತ್ತೆ ವಸ್ತ್ರವಿತ್ತು.

ಹುಬ್ಬತಲೈಯವಳು ಈಗ ಗುಂಪಿಗೆ ಮತ್ತೆ ಕೋಳಿ ಹಾಕುತ್ತಾಳೆ. ಕಾಲು ಉದ್ದವಾಯಿತು ಎಂದು ಬರೆಯುತ್ತೇನೆ, ಒಪ್ಪುತ್ತಾಳೆ. ಭಾನುವಾರದ ಚಿತ್ರಗಳನ್ನು ಹಾಕುವುದಿಲ್ಲ. ಹತ್ತನೆಯದರಲ್ಲಿ ತುಟಿ ಎಲ್ಲಿಗೆ ಬಂದಿತ್ತೋ ನನಗೆ ಗೊತ್ತಿಲ್ಲ.