ಹುಳು ಹಣ್ಣಾದ ದಿನದ ಬೆಲ್ಲ

ಇವತ್ತು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ಬಸ್ಸು ನಿಂತಾಗ, ಗೂಡಿನ ವಾಸನೆಗೆ ದೊಡ್ಡಮ್ಮ ನೆನಪಾದಳು.

ರೇಷ್ಮೆಹುಳು ಹಣ್ಣಾದ ದಿನ ನಮ್ಮ ಮನೆಯಲ್ಲಿ ಊಟದ ಮಾತೇ ಇರುತ್ತಿರಲಿಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನೆಲ್ಲ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವವರೆಗೆ ಅಜ್ಜಿ ಒಲೆ ಹಚ್ಚಗೊಡುತ್ತಿರಲಿಲ್ಲ. ಅಂಥ ಒಂದು ದಿನ ಸಕ್ಕರೆ ಕಾಯಿಲೆಯ ದೊಡ್ಡಮ್ಮ ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಕೆಲಸಕ್ಕೆ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಣ್ಣಾಗದ ಹುಳುಗಳನ್ನೂ ಚಂದ್ರಿಕೆಗೆ ಹಾಕತೊಡಗಿದಳು. ಕೈ ನಡುಗುತ್ತಿತ್ತು, ರವಿಕೆ ಬೆವರಿನಲ್ಲಿ ತೊಯ್ದಿತ್ತು. ತಡೆಯಲು ಬಂದ ಅಜ್ಜಿಯನ್ನೇ, "ಯಾರೇ ನೀನು?" ಎಂದಳು.

"ಗಾಳಿ ಸೋಕೈತೆ, ಬೇವಿನ ಸೊಪ್ಪು ತನ್ನಿ!" ಅಜ್ಜಿ ಕೂಗಿದಳು.

ಅಮ್ಮ ಬೆಲ್ಲದ ನೀರು ತಂದಳು. ದೊಡ್ಡಪ್ಪ ಲೋಟಕ್ಕೆ ಕೈ ಅಡ್ಡ ಹಿಡಿದರು. "ಸಕ್ಕರೆ ಕಾಯಿಲೆಯೋಳಿಗೆ ಬೆಲ್ಲನಾ? ಸಾಯಿಸ್ತೀಯೇನಮ್ಮ?"

"ಸೂಜಿ ಹಾಕ್ಕೊಂಡು ಉಂಡಿಲ್ಲ ಭಾವ. ಹಿಂಗಾದ್ರೆ ಬೆಲ್ಲ ಕೊಡಿ ಅಂತ ಡಾಕ್ಟ್ರೇ ಹೇಳವ್ರೆ."

ಭಾವನೆದುರು ಎಂದೂ ತಲೆಯೆತ್ತದ ಅಮ್ಮ ಅವರ ಕೈ ತಳ್ಳಿಬಿಟ್ಟಳು. ದೊಡ್ಡಮ್ಮ ಗುಟುಕು ಗುಟುಕಾಗಿ ಕುಡಿದಳು. ಸ್ವಲ್ಪ ಹೊತ್ತಾದ ಮೇಲೆ ಆಕೆ ಚಂದ್ರಿಕೆ ನೋಡಿ ಗದರಿದಳು: "ಹಣ್ಣಾಗ್ದಿರೋ ಹುಳ ಯಾರಮ್ಮ ಹಾಕ್ದೋರು?"

ಅಜ್ಜಿ ಎದ್ದು ಹೋಗಿ ಒಲೆ ಹಚ್ಚಿದಳು.

ಬಸ್ಸು ಇನ್ನೂ ನಿಂತೇ ಇತ್ತು, ಊಟದ ಹೊತ್ತು ಮೀರಿತ್ತು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಹೊರಟಿದ್ದ ನನ್ನ ಅಂಗೈಯೂ ಬೆವರತೊಡಗಿತು. ಚೀಲದಲ್ಲಿದ್ದ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡೆ.