ಟೀವಿಯ ಮೇಷ್ಟ್ರು ಬದಲಾದ ವರ್ಷ

ದೀಕ್ಷಾ, ಲಿಖಿತ್, ನಿಮ್ಮ ಧಾರಾವಾಹಿಯ ನಾಯಕ ಬಿಟ್ಟುಹೋದನೆಂದು ಮೊನ್ನೆ ಇಬ್ಬರೂ ಊಟ ಬಿಟ್ಟು ಕೂತಿರಿ. ಯಾಕೆ ಹೋದನೆಂದು ಫೋನಿನಲ್ಲಿ ಹುಡುಕಿ ಐದು ನಿಮಿಷದಲ್ಲಿ ತಿಳಿದುಕೊಂಡಿರಿ. ನಿಮ್ಮ ಅಜ್ಜಿಯಾದ ನಾನು ನಿಮ್ಮಷ್ಟಿದ್ದಾಗ ಹಾಗೆ ತಿಳಿಸುವವರು ಯಾರೂ ಇರಲಿಲ್ಲ. ನನ್ನ ಬಳಿ ಇದ್ದದ್ದು ಅನುಮಾನ ಮಾತ್ರ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ಸಂಪಾಜೆಯ ನಮ್ಮ ಮನೆಯಲ್ಲಿ ಅಪ್ಪ ತಂದ ಕಪ್ಪು-ಬಿಳುಪು ಟೀವಿ ಇತ್ತು. ವಾರಕ್ಕೊಮ್ಮೆ ಸಂಜೆ ಒಬ್ಬ ಮೇಷ್ಟ್ರ ಸಂಸಾರದ ಧಾರಾವಾಹಿ ಬರುತ್ತಿತ್ತು, ಮೂರು ವರ್ಷದಿಂದ. ಅಪ್ಪ ಬೆತ್ತದ ಕುರ್ಚಿಯಲ್ಲಿ, ನಾನು ಅವರ ಕಾಲ ಬಳಿ, ನಡುವೆ ಸುಟ್ಟ ಹಲಸಿನ ಬೀಜ. ಮೇಷ್ಟ್ರು ಕೊಡೆ ಬಿಚ್ಚುವ ರೀತಿ ಥೇಟ್ ಅಪ್ಪನದೇ. ಅಪ್ಪ ಜ್ವರ ಬಂದು ತೀರಿಕೊಂಡ ಮೇಲೂ ನಾನು ಆ ಕೊಡೆ ನೋಡಲೆಂದೇ ಕೂರುತ್ತಿದ್ದೆ.

ಮರುವರ್ಷ ಕಾಫಿ ಗಿಡ ಹೂಬಿಡಿಸುವ ಹೂಮಳೆಯ ಗಾಳಿಗೆ ಆಂಟೆನಾ ತಿರುಗಿಬಿಟ್ಟಿತು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಹೆಂಚಿನ ಮಾಡು ಹತ್ತಿದರು.

"ಚಿತ್ರ ಬಾತಾ?" ಎಂದು ಮೇಲಿಂದ ಕೂಗಿದರು.

"ಬಾತ್, ಬಾತ್!" ಎಂದಳು ಅವ್ವ.

ಚಿತ್ರವೇನೋ ಬಂತು. ಮೇಷ್ಟ್ರ ಜಾಗದಲ್ಲಿ ಬೇರೆ ಯಾರೋ ಇದ್ದ. ಅದೇ ಕನ್ನಡಕ, ಅದೇ ಕೊಡೆ. ಮಕ್ಕಳು ಅವನನ್ನು ಅಪ್ಪ ಎಂದರು. ಹೆಂಡತಿ ಏನೂ ಆಗದವಳ ಹಾಗೆ ಕಾಫಿ ಕೊಟ್ಟಳು. ಹೆಂಡತಿಗಾದರೂ ಗೊತ್ತಾಗಬೇಡವೇ?

"ಇಂವ ಯಾರವ್ವ?"

"ಮೊದ್ಲುನಂವ ಬುಟ್ಟು ಹೋದ ಗಡ. ಇನ್ನ್ ಇಂವನೇ ಮೇಷ್ಟ್ರು. ಬಾಯಿ ಮುಚ್ಚಿ ನೋಡ್."

ನಾನು ನಂಬಲಿಲ್ಲ. ಬಿಟ್ಟುಹೋದನಂತೆ! ಆಂಟೆನಾ ಮುಟ್ಟಿದ್ದು ಚಿಕ್ಕಪ್ಪ. ಅವರೇ ಅದನ್ನು ಬೇರೆ ಕಡೆಗೆ ತಿರುಗಿಸಿದ್ದಾರೆ, ನಮ್ಮ ಮೇಷ್ಟ್ರು ಹಳೆಯ ದಿಕ್ಕಿನಲ್ಲೇ ಇದ್ದಾರೆ ಎಂದುಕೊಂಡೆ.

ಚಿಕ್ಕಪ್ಪ ಮನೆಗೆ ಬರುವುದೂ ಹೆಚ್ಚಾಗಿತ್ತು. ಗಂಡ ಸತ್ತವಳು ಮತ್ತೆ ಮದುವೆಯಾಗುವ ಕೂಡಾವಳಿ ನಮ್ಮಲ್ಲಿದೆ. ಹಿರಿಯರು ಅದನ್ನೇ ಮಾತಾಡುತ್ತಿದ್ದರು, ನಾನು ಹೋದರೆ ಮಾತು ಬದಲಿಸುತ್ತಿದ್ದರು. ಒಂದು ದಿನ ಅವ್ವ ಅಪ್ಪನ ಹಿತ್ತಾಳೆ ಲೋಟದಲ್ಲಿ ಚಿಕ್ಕಪ್ಪನಿಗೆ ಕಾಫಿ ಕೊಟ್ಟದ್ದನ್ನು ಬಾಗಿಲ ಸಂದಿಯಿಂದ ಕಂಡೆ. ಇನ್ನು ಕುರ್ಚಿಯೊಂದೇ ಬಾಕಿ. ಅದರ ಮೇಲೆ ನನ್ನ ಶಾಲೆಯ ಚೀಲ ಇಟ್ಟು ಕಾವಲು ಕೂತೆ.

ಮುಂದಿನ ವಾರ ಧಾರಾವಾಹಿಯ ಹೊತ್ತಿಗೆ ಏಣಿ ಇಟ್ಟು ಮಾಡು ಹತ್ತಿದೆ. ಕೆಳಗೆ ನೋಡಿದರೆ ಚಿಕ್ಕಪ್ಪ, ಹುಡುಗಿಯರನ್ನು ಗೂಡೆ ಎಂದೇ ಕರೆಯುವವರು.

"ಎಂತ ಗೂಡೆ, ಮಂಗನಂಗೆ ಮಾಡು ಹತ್ತಿದ್ದ್?"

"ನೀವು ತಿರ್ಗಿಸಿದನ್ನ ಸರಿ ಮಾಡಿಕೆ. ನಮ್ಮ ಮೇಷ್ಟ್ರು ಬರೊಕು."

ಬೈಯುತ್ತಾರೆಂದುಕೊಂಡೆ. ಏಣಿಯ ಬುಡ ಗಟ್ಟಿಯಾಗಿ ಹಿಡಿದುಕೊಂಡು, "ತಿರ್ಗ್ಸ್. ಏಣಿ ನನ್ನ ಕೈಲಿ ಉಟ್ಟು" ಎಂದರು.

ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. "ಎಂತದೂ ಇಲ್ಲೆ, ಬರೀ ಗರಗರ!" ಎಂದು ಒಳಗಿಂದ ಅವ್ವ ಕೂಗಿದಳು. ಕೊನೆಗೆ ಚಿಕ್ಕಪ್ಪ ಇಟ್ಟಿದ್ದ ದಿಕ್ಕಿಗೇ ತಂದಾಗ ಆ ಹೊಸಬನ ದನಿ ಕೇಳಿಸಿತು. ಅಳುತ್ತಾ ಇಳಿದೆ.

"ಹೋದವು ಬಾದಿಲ್ಲೆ, ಗೂಡೆ" ಎಂದರು ಚಿಕ್ಕಪ್ಪ. "ನಂಗೂ ಅಣ್ಣನೇ ಬೇಕಿತ್ತ್."

ಹೋದವರು ಬರುವುದಿಲ್ಲವೆಂಬುದನ್ನೂ, ಅವರಿಗೆ ಅಣ್ಣ ಬೇಕಿತ್ತೆಂಬುದನ್ನೂ ನಾನು ನಂಬಲಿಲ್ಲ. ಮಳೆಗಾಲಕ್ಕೆ ಮುಂಚೆ ಅವ್ವನಿಗೂ ಚಿಕ್ಕಪ್ಪನಿಗೂ ಕೂಡಾವಳಿ ಆಯಿತು. ಚಿಕ್ಕಪ್ಪನೇ ನನ್ನನ್ನು ಓದಿಸಿದರು, ಮದುವೆ ಮಾಡಿದರು. ನಾನು ಕೊನೆಯವರೆಗೂ ಚಿಕ್ಕಪ್ಪ ಎಂದೇ ಕರೆದೆ. ಅಪ್ಪನ ಲೋಟ ಕೊಟ್ಟ ಅವ್ವನ ಮೇಲಿನ ಅನುಮಾನ ಹೋದದ್ದು ನನ್ನ ಗಂಡ, ನಿಮ್ಮ ತಾತ, ತೀರಿಕೊಂಡ ಮೇಲೆ, ನನ್ನೊಬ್ಬಳಿಗೇ ಕಾಫಿ ಕಾಸಿಕೊಳ್ಳುವಾಗ.

ಎರಡು ವರ್ಷದ ಹಿಂದೆ ಚಿಕ್ಕಪ್ಪನೂ ಹೋದರು. ತವರಿನಲ್ಲಿ ಅಪ್ಪನ ಆ ಕುರ್ಚಿ ಒರೆಸುವಾಗ ನೋಡಿದೆ, ಬೆತ್ತ ಒಂದಿಷ್ಟೂ ಸಡಿಲವಾಗಿಲ್ಲ. ಪಕ್ಕದ ಮರದ ಬೆಂಚು ಮಾತ್ರ ಒಂದೇ ಜಾಗದಲ್ಲಿ ಸವೆದು ನುಣುಪಾಗಿತ್ತು. ನನ್ನ ಚೀಲ ನಾನು ಎಂದೋ ತೆಗೆದಿದ್ದೆ. ಆದರೂ ಚಿಕ್ಕಪ್ಪ ಅದರಲ್ಲಿ ಕೂರಲೇ ಇಲ್ಲ, ನಾನದನ್ನು ಗಮನಿಸಿರಲೂ ಇಲ್ಲ.

ಟೀವಿ, ಆಂಟೆನಾ, ಹಲಸಿನ ಬೀಜದ ಹೊಗೆ ಹೋದದ್ದಕ್ಕೆ ಅಷ್ಟು ದುಃಖವಿಲ್ಲ. ಅಷ್ಟು ವರ್ಷದಲ್ಲಿ ಒಂದು ಸಲ, "ಅಪ್ಪ, ಊಟಕ್ಕೆ ಬನ್ನಿ" ಎಂದು ಅವರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಈಗ ಬರೆದಿದ್ದೇನೆ, ಇಲ್ಲಿ ಮಾತ್ರ. ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.